ಆಷಾಢದಲ್ಲಿ ಬೀಗ ಬಿದ್ದ ಫೋಟೋ

ಆಷಾಢ ಬಂತೆಂದರೆ ಫೋಟೋ ಸ್ಟುಡಿಯೋದವರು ನೊಣ ಹೊಡೆಯುತ್ತ ಕೂರಬೇಕು. ಮದುವೆ ಇಲ್ಲ, ಸೀಮಂತದ ಕುಬಸ ಇಲ್ಲ, ಗೃಹಪ್ರವೇಶ ಇಲ್ಲ. ಅಂಗಡಿ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಅಕ್ಕಿಆಲೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಶಂಭುಲಿಂಗ ಈ ಸಲ ಒಂದು ಖರ್ಚನ್ನಾದರೂ ತಪ್ಪಿಸೋಣ ಎಂದುಕೊಂಡ. ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ಹೋಗುತ್ತಿದ್ದ ಚಂದಾ ಹಣವನ್ನು ಮೊಬೈಲಿನಲ್ಲೇ ಬಂದ್ ಮಾಡಿಬಿಟ್ಟ. ಹಾಲಿನವನಿಗೆ ನಾಲ್ಕು ದಿನ ಹಾಲು ಬೇಡ ಎಂದು ಹೇಳುವುದಿಲ್ಲವೇ, ಇದೂ ಹಾಗೇ ಎಂದು ತಿಳಿದ. ಶ್ರಾವಣದಲ್ಲಿ ಮತ್ತೆ ಶುರು ಮಾಡಿದರಾಯಿತು ಎಂಬ ಲೆಕ್ಕ.

ಶ್ರಾವಣ ಬಂತು. ಸರೋಜವ್ವನೂ ಅಂಗಡಿಗೆ ಬಂದರು.

"ತಮ್ಮಾ, ನಮ್ಮನಿಯವರ ಫೋಟೋ ಕೊಡಪಾ. ನಾಳೆ ವರ್ಷದ ಪುಣ್ಯಸ್ಮರಣೆ ಐತಿ. ಹೂವು, ವಿಭೂತಿ ಎಲ್ಲಾ ತಂದೇನಿ. ಇದೊಂದ ಬಾಕಿ."

ಸರೋಜವ್ವನ ಗಂಡ ಪರಮೇಶ್ವರಪ್ಪ ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಮನುಷ್ಯ. ಅವರು ನಗುತ್ತಿದ್ದ ಫೋಟೋ ಅಂತ ಇದ್ದದ್ದು ಒಂದೇ. ಅದೂ ಕೆನ್ನೆಯಿಂದ ತುಟಿಯವರೆಗೆ ಹರಿದಿತ್ತು. ಜಾತ್ರೆಗಳೆಲ್ಲ ಮುಗಿದ ಬೇಸಿಗೆಯಲ್ಲಿ ಶಂಭುಲಿಂಗ ಅದನ್ನು ಸ್ಕ್ಯಾನ್ ಮಾಡಿ ತಿದ್ದಲು ಕೂತಿದ್ದ. ಸರೋಜವ್ವ ದಿನಾ ಬಂದು ಪಕ್ಕದಲ್ಲಿ ಕೂತು, "ಇಲ್ಲಿ ಒಂಚೂರು ಮ್ಯಾಲ ಏರಸು, ಅವರು ನಕ್ಕರ ಈ ಕಡೆ ಗುಳಿ ಬೀಳತಿತ್ತು" ಎಂದು ಹೇಳಿ ಹೇಳಿ ಆ ನಗುವನ್ನು ತರಿಸಿಕೊಂಡಿದ್ದರು. ಪರದೆಯ ಮೇಲೆ ಗಂಡನ ಮುಖ ಪೂರ್ತಿಯಾದ ದಿನ ಅತ್ತೇಬಿಟ್ಟಿದ್ದರು. ಹರಿದ ಫೋಟೋ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಅದನ್ನು ವರದಾ ಹೊಳೆಗೆ ಬಿಟ್ಟು ಬಂದರು. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೇ.

ಶಂಭುಲಿಂಗನೂ ತನ್ನ ಬುದ್ಧಿ ತೋರಿಸಿದ್ದ. ಪ್ರಿಂಟ್ ಶ್ರಾವಣದಲ್ಲಿ ಹಾಕಿದರಾಯಿತೆಂದು ಆ ಸಾಫ್ಟ್‌ವೇರ್‌ನದೇ ರೂಪದ ಫೈಲ್ ಒಂದನ್ನಷ್ಟೇ ಉಳಿಸಿಕೊಂಡು, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಸ್ಕ್ಯಾನ್ ಪ್ರತಿಯನ್ನು ಅಳಿಸಿಹಾಕಿದ್ದ.

ಈಗ ಆ ಫೈಲ್ ಒತ್ತಿದರೆ ತೆರೆಯಲೊಲ್ಲದು. ನಿಮ್ಮ ಚಂದಾ ನಿಂತಿದೆ ಎಂಬ ಬರಹ ಮಾತ್ರ ಬರುತ್ತದೆ. ಗಾಬರಿಯಾಗಿ ಹಣ ಕಟ್ಟಲು ಹೋದ. ಆಗ ಗೊತ್ತಾಯಿತು: ಅವನು ಒಪ್ಪಿಕೊಂಡದ್ದು ಒಂದು ವರ್ಷದ ಕರಾರು, ತಿಂಗಳು ತಿಂಗಳು ಕೊಡುತ್ತಿದ್ದದ್ದು ಅದರ ಕಂತು. ನಡುವೆ ನಿಲ್ಲಿಸಿದ್ದಕ್ಕೆ ದಂಡ. ಖಾತೆಯ ಪರಿಶೀಲನೆ ಮುಗಿಯುವ ತನಕ ಹಣವನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಫೋನ್ ಮಾಡಿದರೆ ಯಂತ್ರ ಮಾತಾಡುತ್ತದೆ, ಅದೂ ಇಂಗ್ಲಿಷಿನಲ್ಲಿ.

"ಫೋಟೋ ಎಲ್ಲೈತೋ?" ಎಂದರು ಸರೋಜವ್ವ.

"ಈ ಕಂಪ್ಯೂಟರಿನ್ಯಾಗ ಐತ್ರಿ ಅವ್ವಾರ."

"ಕಂಪ್ಯೂಟರ್ ಯಾರದು?"

"ನಂದ."

"ತಿದ್ದಿದವ ಯಾರು?"

"ನಾನ ರಿ."

"ಹಂಗಾದ್ರ ನನ್ನ ಗಂಡನ ಮಾರಿ ನೋಡಾಕ ನನಗ ಯಾವನ ಅಪ್ಪಣೆ ಬೇಕೋ?"

ಓದುವ ನಿಮಗೂ ಸಿಟ್ಟು ಬಂದಿದ್ದರೆ ಒಳ್ಳೆಯದು, ಬರಲೇಬೇಕು. ಅಂಗಡಿ ಬಾಡಿಗೆ ಬಾಕಿ ಇದ್ದರೆ ಮಾಲೀಕ ಬಂದು ನಾಲ್ಕು ಮಾತು ಬೈಯುತ್ತಾನೆ, ನಾವು ಕೈಮುಗಿಯುತ್ತೇವೆ, ಹೇಗೋ ನಡೆಯುತ್ತದೆ. ಇಲ್ಲಿ ಬೈಯುವವನೂ ಇಲ್ಲ, ಕೇಳುವವನೂ ಇಲ್ಲ.

ಸವಣೂರಿನಲ್ಲಿ ಮದುವೆ ಆಲ್ಬಮ್ ಮಾಡುವ ಫರ್ಹತ ಅವನ ಹಳೆಯ ಪರಿಚಯ. ಫೋನ್ ಮಾಡಿದಾಗ ಫೈಲ್ ತರಲು ಅವಳು ಹೇಳಿದ ಕೂಡಲೇ ಶಂಭುಲಿಂಗ ಪೆನ್‌ಡ್ರೈವ್ ಹಿಡಿದು ಎದ್ದ. "ನಾನೂ ಬರ್ತೇನಿ. ನಿನ್ನ ನಂಬಿದ್ದು ಸಾಕು" ಎಂದು ಸರೋಜವ್ವನೂ ಬಸ್ ಹತ್ತಿದರು.

ಫರ್ಹತ ಪೂರ್ತಿ ವಿಷಯ ಕೇಳಿ ಸಿಡುಕಿದಳು. "ಶಂಭಣ್ಣ, ಆ ಸಾಫ್ಟ್‌ವೇರ್ ನೀವು ಕೊಂಡಿದ್ರೋ, ಬಾಡಿಗಿ ತಗೊಂಡಿದ್ರೋ?"

"ರೊಕ್ಕ ಕೊಟ್ಟೇನಲ್ರಿ ಅಕ್ಕಾರ, ಕೊಂಡಂಗ ಅಲ್ಲೇನು?"

"ಅಲ್ಲ ರಿ! ಚಂದಾ ಅಂದ್ರ ಬಾಡಿಗಿ. ಕೊಡೂತನಕ ನಿಮ್ಮದು, ಬಿಟ್ರ ಅವರದು. ನಾನು ಬ್ಯಾರೇ ಕಂಪನೀದರ ಲೈಸನ್ಸ್ ಕೊಂಡೇನಿ. ಒಮ್ಮೆ ಕೊಟ್ಟೇನಿ, ಆಷಾಢ ಇರಲಿ, ರಂಜಾನ್ ಇರಲಿ, ತೆರೀತೈತಿ."

"ಒಮ್ಮೆಲೆ ಅಷ್ಟು ರೊಕ್ಕ ಎಲ್ಲಿಂದ ತರೂದ್ರಿ? ಮತ್ತ ಬಾಡಿಗಿದ್ರಾಗ ಹೊಸಾ ಹೊಸಾ ಸೌಲಭ್ಯ ಬರ್ತಾವು."

"ಖರೆ. ನಂದು ಹಳೇ ಆವೃತ್ತಿ, ಹೊಸದು ಬೇಕಂದ್ರ ಮತ್ತ ಕೊಡಬೇಕು. ಮುಂದ ಹೊಸಾ ಕಂಪ್ಯೂಟರ್ ತಂದ್ರ ಅದರಾಗ ನಡೀತೈತೋ ಇಲ್ಲೋ, ಅದನ್ನೂ ಕೇಳೇ ತಗೋಬೇಕು. ಬಾಡಿಗಿ ತಗೊಳ್ಳೂದು ತಪ್ಪಲ್ಲ ರಿ, ಬಾಡಿಗಿ ಅಂತ ಗೊತ್ತಿಲ್ಲದ ತಗೊಳ್ಳೂದು ತಪ್ಪು. ಪುಕ್ಕಟೆ ಸಿಗೂ ಒಳ್ಳೇ ಸಾಫ್ಟ್‌ವೇರೂ ಅದಾವು, ನೋಡೀರೇನು?"

"ಅದಕ್ಕಿಂತ ಕಳ್ಳ ಕಾಪಿ ಹಾಕ್ಕೊಂಡ್ರ..."

"ವೈರಸ್ ಹೊಕ್ಕು ಊರ ಮಂದಿ ಮದುವಿ ಫೋಟೋ ಎಲ್ಲಾ ಹೋಗ್ಲಿ ಅಂತೀರೇನು? ಕಳವು ಕಳವ. ಬಾಯಿ ಮುಚ್ಚಿ ಕುಂದರ್ರಿ."

ಫರ್ಹತಳ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯಿತು. ತಲೆಯ ಪಟಗ ಬಂತು, ಅಂಗಿ ಬಂತು, ಕಣ್ಣು ಬಂತು. ಆದರೆ ಕಂಡದ್ದು ಫೈಲಿನೊಳಗೆ ಉಳಿದಿದ್ದ ಮೂಲ ಚಿತ್ರ; ಕೆನ್ನೆ ಮೊದಲಿನಂತೆಯೇ ಹರಿದಿತ್ತು. ಬಾಡಿಗೆ ಸಾಫ್ಟ್‌ವೇರ್‌ನ ವಿಶೇಷ ಸಲಕರಣೆಯಲ್ಲಿ ಮಾಡಿದ ಆ ಕೆಲಸ ಬೇರೆ ಕಡೆ ಕಾಣಲೇ ಇಲ್ಲ. ಸಂಜೆಯ ಬಸ್ಸಿನ ಹೊತ್ತಿನ ತನಕ ಫರ್ಹತ, ಶಂಭುಲಿಂಗ ಇಬ್ಬರೂ ಕೂತು ಹರಿದದ್ದನ್ನು ಹೇಗೋ ಕೂಡಿಸಿ ಪ್ರಿಂಟ್ ತೆಗೆದರು.

ಸರೋಜವ್ವ ಅದನ್ನು ಕೈಗೆ ತೆಗೆದುಕೊಂಡು ಕೆನ್ನೆಯ ಮೇಲೆ ಬೆರಳಾಡಿಸಿದರು.

"ಇವರು ಹೌದು," ಎಂದರು. "ಆದ್ರ ನಗಾಕತ್ತಿಲ್ಲ."

ಕಂಪನಿಯ ಉತ್ತರ ಬಂದಾಗ ಪುಣ್ಯಸ್ಮರಣೆ ಮುಗಿದುಹೋಗಿತ್ತು. ಶಂಭುಲಿಂಗ ದಂಡ, ಬಾಕಿ ಕಂತು ಕಟ್ಟಿ ಫೈಲ್ ತೆರೆದ. ಎಲ್ಲ ಗಿರಾಕಿಗಳ ಕೆಲಸವನ್ನೂ ಸಾಮಾನ್ಯ ಫೋಟೋ ರೂಪದಲ್ಲಿ ಹೊರತೆಗೆದಿಟ್ಟ. ಚಂದಾ ಮುಗಿಸಿ, ಫರ್ಹತಳಂತೆ ತಾನೂ ಲೈಸನ್ಸ್ ಕೊಂಡ. ನಗುವ ಫೋಟೋಕ್ಕೆ ಚೌಕಟ್ಟು ಹಾಕಿಸಿ ಸರೋಜವ್ವನ ಮನೆಗೆ ಒಯ್ದು ಕೊಟ್ಟ.

ಅವರು ಅದನ್ನು ಗೋಡೆಗೆ ಹಾಕಿದರು. ಅವನ ಕಡೆ ತಿರುಗಿ ಹೇಳಿದರು: "ಬೀಗರು, ಬಳಗ ಎಲ್ಲಾ ಬಂದು ಕುಂತಾಗ ಇವರ ನಗು ಇರಲಿಲ್ಲ ತಮ್ಮಾ. ಆ ದಿನಾ ನನಗ ಯಾವ ಕಂಪನಿ ತಿರುಗಿ ಕೊಡತೈತಿ?"

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸ್ಟುಡಿಯೋ ಬಂಧುಗಳೇ, ಒಪ್ಪಿಗೆ ಎಂಬ ಗುಂಡಿ ಒತ್ತುವ ಮುಂಚೆ ಕೇಳಿ: ಇದು ಬಾಡಿಗೆಯೋ, ಸ್ವಂತವೋ? ಕರಾರು ಎಷ್ಟು ದಿನದ್ದು, ನಡುವೆ ಬಿಟ್ಟರೆ ದಂಡ ಇದೆಯೇ, ನಾನು ಮಾಡಿದ ಕೆಲಸ ಆಮೇಲೆ ತೆರೆಯುತ್ತದೆಯೇ? ಕನ್ನಡದಲ್ಲಿ ಉತ್ತರ ಸಿಗದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ. ಕೆಲಸ ಮುಗಿದ ದಿನವೇ ಎಲ್ಲ ಕಡೆ ತೆರೆಯುವ ಪ್ರತಿಯೊಂದನ್ನು ತೆಗೆದು, ಗಿರಾಕಿಗೂ ಕೊಡಿ.

ಅವ್ವಂದಿರೇ, ಅಕ್ಕಂದಿರೇ, ಪರದೆಯ ಮೇಲೆ ನೋಡಿ ಸಮಾಧಾನಪಟ್ಟು ಮನೆಗೆ ಹೋಗಬೇಡಿ. ಪ್ರಿಂಟ್ ಕೈಗೆ ಬರುವ ತನಕ ಹಳೆಯದನ್ನು, ಎಷ್ಟೇ ಹರಿದಿರಲಿ, ಯಾರಿಗೂ ಕೊಟ್ಟುಬಿಡಬೇಡಿ, ಹೊಳೆಗೂ ಬಿಡಬೇಡಿ. ಅದು ನಿಮ್ಮ ಮನೆಯವರ ಮುಖ.