ಹತ್ತೊಂಬತ್ತು ಉಂಡೆ

ಏಳು ತಿಂಗಳು ಬೇರೆ ತಟ್ಟೆಯಲ್ಲಿ ಉಂಡ ಮೇಲೆ ಬೂಷ್ತಾನಿಗೆ ಮನೆಯವರ ಜೊತೆ ಒಂದೇ ದೊಡ್ಡ ಪರಾತಕ್ಕೆ ಕೈ ಹಾಕಲು ಅಪ್ಪಣೆ ಸಿಕ್ಕಿತು. ಅಪ್ಪಣೆ ಕೊಟ್ಟವಳು ಡಾಕ್ಟರ್ ಸಲ್ವಾ. ಅದೂ ಪೂರ್ತಿ ಅಪ್ಪಣೆಯಲ್ಲ, ಹತ್ತು ವಾರದ ಪರೀಕ್ಷೆ.

"ನೂರ ಹನ್ನೆರಡು ಕಿಲೋ ಇದ್ರಿ, ಎಂಬತ್ನಾಲ್ಕಕ್ಕೆ ಬಂದ್ರಿ. ಸಕ್ಕರೆ ಮಾತ್ರೆ ನಿಲ್ಲಿಸಿದ್ದಾಯ್ತು. ಇನ್ನು ಇಳಿಸೋದಲ್ಲ, ನಿಲ್ಲಿಸೋದು," ಅಂದಳು ಅವಳು. "ಈಗ ದಿನಕ್ಕೆ ಸಾವಿರದೈನೂರು ಕ್ಯಾಲೊರಿ ತಿಂತಿದ್ದೀರಿ. ಇಷ್ಟರಲ್ಲೇ ಇದ್ರೆ ಒಲೆ ಮುಂದೆ ತಲೆ ಸುತ್ತಿ ಬೀಳ್ತೀರಿ. ಒಂದೇ ಸಲ ಹಳೇ ಊಟಕ್ಕೆ ಹೋದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ವಾರಕ್ಕೆ ನೂರು ನೂರು ಏರಿಸಿ. ತೂಕ ಎಲ್ಲಿ ಅಲ್ಲಾಡದೆ ನಿಲ್ಲುತ್ತೋ, ಅದೇ ನಿಮ್ಮ ಊಟ."

ಏನಾಗುತ್ತೆ ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಹದಿನೆಂಟು ಕಿಲೋ ಇಳಿಸಿ, ಒಂದೇ ವರ್ಷದಲ್ಲಿ ಇಪ್ಪತ್ತೆರಡು ಏರಿಸಿಕೊಂಡ ಗಂಡಸು ಅವನು.

"ಎಂಬತ್ತೆರಡರ ಕೆಳಗೆ ಇಳೀಬಾರದು, ಎಂಬತ್ತಾರು ದಾಟಬಾರದು. ದಾಟಿದ್ರೆ ಮತ್ತೆ ಬೇರೆ ತಟ್ಟೆ. ಈ ಸಲ ಕೊನೇತನಕ. ಎಲ್ಲರೂ ಒಂದೇ ಪಾತ್ರೇಲಿ ತಿನ್ನೋ ಪದ್ಧತಿ ನಿಮಗೆ ಆಗಿಬರಲ್ಲ ಅಂತ ತಿಳ್ಕೋತೀನಿ."

ಸೆಫ್ರು ಊರಿನ ಆ ಕೇರಿಯಲ್ಲಿ ಬೇರೆ ತಟ್ಟೆ ಅಂದರೆ ಏನು ಅಂತ ಅವನ ತಾಯಿ ಯಾಮ್ನಾ ಮೊದಲ ದಿನವೇ ಹೇಳಿದ್ದಳು: "ಬೇರೆ ತಟ್ಟೆ ಬಾಣಂತಿಗೆ ಇಡ್ತಾರೆ, ಇಲ್ಲಾ ಸಾಯೋನಿಗೆ ಇಡ್ತಾರೆ. ನೀನು ಹಡೆದಂಗಂತೂ ಕಾಣ್ತಿಲ್ಲ."

ಹೆಂಡತಿ ಬತೂಲ್ ಆ ತಟ್ಟೆಯನ್ನು ತೂಕ ಹಾಕಿ ಹಾಕಿ ಬಡಿಸುತ್ತಿದ್ದಳು. ಬೇಯಿಸಿದ ಕೋಳಿ, ಎಲೆಕೋಸು, ಅಂಗೈಯಗಲ ರೊಟ್ಟಿ. ಬೂಷ್ತಾ ಗೋಡೆ ಪಕ್ಕದ ಮೇಜಿನಲ್ಲಿ ಹತ್ತು ನಿಮಿಷಕ್ಕೆ ಮುಗಿಸುತ್ತಿದ್ದ. ನಡುಮನೆಯ ದುಂಡು ಮೇಜಿನ ಸುತ್ತ ತಾಯಿ, ಹೆಂಡತಿ, ಮಗಳು ನಿಸ್ರೀನ್ ಇನ್ನೂ ಮುಕ್ಕಾಲು ಗಂಟೆ ಕೂತು ತಿನ್ನುತ್ತ, ಯಾರ ನಿಶ್ಚಿತಾರ್ಥ ಮುರಿಯಿತು, ಯಾರ ಸೊಸೆ ಗಂಟುಮೂಟೆ ಕಟ್ಟಿದಳು ಅಂತ ಮಾತಾಡುತ್ತಿದ್ದರು. ಹಸಿವನ್ನು ಅವನು ತಡೆದುಕೊಂಡ. ಉಂಡಾದ ಮೇಲೆ ಕೈ ಕಟ್ಟಿ ಕೂರಲಾರದೆ ಎದ್ದು ಒಲೆಗೆ ಹೋಗುವುದು ಮಾತ್ರ ಏಳು ತಿಂಗಳಾದರೂ ಒಗ್ಗಲಿಲ್ಲ.

ಬೂಷ್ತಾ ಕೇರಿಯ ರೊಟ್ಟಿ ಒಲೆಯವನು. ಜನ ಅವನನ್ನು ಮಾಲೆಮ್, ಅಂದರೆ ಮೇಸ್ತ್ರಿ, ಅಂತ ಕರೆಯುತ್ತಿದ್ದರು. ಸುತ್ತಲ ಎಂಬತ್ತು ಮನೆಯವರು ಬೆಳಿಗ್ಗೆ ಹಿಟ್ಟು ತಟ್ಟಿ ಹಲಗೆಯ ಮೇಲೆ ಕಳಿಸಿದರೆ ಸುಟ್ಟು ಕೊಡುವುದು ಅವನ ಕಸುಬು. ತನ್ನದೇ ರೊಟ್ಟಿಯನ್ನೂ ಮಾರುತ್ತಿದ್ದ. ಇಪ್ಪತ್ತು ವರ್ಷ ಕಣಕ ಕಿತ್ತು ಕಿತ್ತು ಅವನ ಅಂಗೈಯೇ ತಕ್ಕಡಿಯಾಗಿತ್ತು. ಹಾಗಾಗಿ ಲೆಕ್ಕ ಅವನಿಗೆ ಸುಲಭವಾಗಿ ಹೊಳೆಯಿತು. ಹಬೆಯಲ್ಲಿ ಬೇಯಿಸಿದ ರವೆಯ ಶುಕ್ರವಾರದ ಕುಸ್ಕುಸ್ಸನ್ನು ಹೇಗೂ ಅಂಗೈಯಲ್ಲಿ ಉರುಳಿಸಿ ಉಂಡೆ ಮಾಡಿ ಬಾಯಿಗೆ ಎಸೆದುಕೊಳ್ಳುವುದು. ಒಂದು ಉಂಡೆಗೆ ಮೂವತ್ತು ಗ್ರಾಂ. ಮೊದಲ ವಾರ ಹನ್ನೊಂದು ಉಂಡೆ, ಆಮೇಲೆ ವಾರಕ್ಕೊಂದು ಹೆಚ್ಚು, ರಾತ್ರಿ ಒಂದು ಚೂರು ರೊಟ್ಟಿ ಹೆಚ್ಚು. ಮಿಕ್ಕ ದಿನ ಮಾಂಸದ ಸಾರಿಗೆ ಅದ್ದುವ ರೊಟ್ಟಿಯ ತುಂಡುಗಳಿಗೂ ಹೀಗೇ ಲೆಕ್ಕ. ತರಕಾರಿಗೆ ಲೆಕ್ಕವಿಲ್ಲ ಅಂತ ಡಾಕ್ಟರೇ ಹೇಳಿದ್ದಳು.

"ಮಾಲೆಮ್, ಬೇಗ ತಿನ್ನೋಕೆ ಶುರು ಮಾಡು," ಅಂದ ಒಲೆಯ ಎದುರಿಗೆ ಚಪ್ಪಲಿ ಹೊಲಿಯುವ ಹಮ್ಮಾದಿ. "ಯಾರಾದ್ರೂ ಸೌದೆ ಅಂದ್ಕೊಂಡು ನಿನ್ನನ್ನೇ ಒಲೆಗೆ ತುರುಕಿಬಿಟ್ಟಾರು."

ಮೊದಲ ಶುಕ್ರವಾರ ನಮಾಜು ಮುಗಿಸಿ ಬಂದಾಗ ಪರಾತ ಆಗಲೇ ಮೇಜಿನ ಮೇಲಿತ್ತು. ಗುಡ್ಡದಂತೆ ಪೇರಿಸಿದ ಕುಸ್ಕುಸ್, ಮೇಲೆ ಗಜ್ಜರಿ, ಟರ್ನಿಪ್ಪು, ಕಡಲೆ, ನೆತ್ತಿಯಲ್ಲಿ ಕುರಿಮಾಂಸ, ಪಕ್ಕದಲ್ಲಿ ಮಜ್ಜಿಗೆಯ ಲೋಟಗಳು. ಪರಾತಕ್ಕೊಂದು ನ್ಯಾಯವಿದೆ: ಯಾರ ಮುಂದಿದ್ದದ್ದು ಅವರದು. ಎದುರಿನವರ ಕಡೆ ಕೈ ಚಾಚಿದವನನ್ನು ಬೀದಿಯಲ್ಲಿ ಬೆಳೆದವನು ಅನ್ನುತ್ತಾರೆ. ನೆತ್ತಿಯ ಮಾಂಸ ಹಂಚುವ ಹಕ್ಕು ಹಿರಿಯಳದು. ಬತೂಲ್ ಅವನ ಎದುರಿಗೆ ಕೂತಳು, ಯಾಮ್ನಾ ಬಲಕ್ಕೆ, ನಿಸ್ರೀನ್ ಎಡಕ್ಕೆ.

"ಬಿಸ್ಮಿಲ್ಲಾ. ಒಂದು," ಅಂದ ಬೂಷ್ತಾ.

"ಊಟಾನೋ, ಕುರಿ ಎಣಿಸ್ತಿದ್ದೀಯೋ?" ಅಂದಳು ಯಾಮ್ನಾ.

ರವೆ ಯಾಕೋ ಕೂಡಿಕೊಳ್ಳಲಿಲ್ಲ. ಬೆರಳ ಸಂದಿನಿಂದ ಪುಡಿ ಉದುರುತ್ತಿತ್ತು. ಅಭ್ಯಾಸ ತಪ್ಪಿದೆ ಅಂದುಕೊಂಡು ಗಟ್ಟಿಯಾಗಿ ಒತ್ತಿದ. ತಾಯಿ ಹಿಸುಕಿದ ಕುಂಬಳಕಾಯಿಯನ್ನು ಬಟ್ಟಲಿನಿಂದ ತೆಗೆದು ಅವನ ಮುಂದೆ ಸುರಿದಳು. "ತರಕಾರಿ ಕಣೋ, ಹೆದರ್ಬೇಡ. ಹಲ್ಲಿಲ್ಲದ ಮುದುಕಿ ನನಗೋಸ್ಕರ ಹಿಸುಕಿದ್ದು, ಜಾಸ್ತಿಯಾಯ್ತು." ಕುಂಬಳಕಾಯಿ ಎಷ್ಟು ರುಚಿಯಾಗಿತ್ತೆಂದರೆ, ಈ ವರ್ಷದ ಬೆಳೆಯೇ ಬೇರೆ ಅಂತ ಅವನು ಅಂದ. ಹನ್ನೊಂದಕ್ಕೆ ನಿಲ್ಲಿಸಿ, ಮಜ್ಜಿಗೆ ಲೋಟ ಹಿಡಿದು ಮುಕ್ಕಾಲು ಗಂಟೆ ಕೂತ. ಮುರಿದ ನಿಶ್ಚಿತಾರ್ಥದ ಕಥೆಯನ್ನು ಮೊದಲಿನಿಂದ ಹೇಳಿಸಿಕೊಂಡ.

ಮೂರು ವಾರ ತೂಕ ಎಂಬತ್ನಾಲ್ಕರಲ್ಲೇ ನಿಂತಿತು. ಬೂಷ್ತಾ ಬೀಗಿದ. "ನನ್ನ ಕೈ ತಕ್ಕಡಿಗಿಂತ ಸಾಚಾ," ಅಂತ ರೊಟ್ಟಿ ತೆಗೆದುಕೊಂಡು ಹೋಗಲು ಬಂದವರಿಗೆಲ್ಲ ಹೇಳಿದ.

ನಾಲ್ಕನೇ ವಾರ ಯಾಮ್ನಾ ಮಗಳ ಮನೆಗೆ ಅಂತ ಮೆಕ್ನೆಸಿಗೆ ಹೋಗಿ ಹತ್ತು ದಿನ ಕೂತಳು. ಬೂಷ್ತಾ ಉಂಡೆ ಕಡಿಮೆ ಮಾಡಿರಲಿಲ್ಲ. ಆದರೂ ತೂಕದ ಯಂತ್ರ ಎಂಬತ್ತೆರಡಕ್ಕೆ ಜಾರಿತು. ಡಾಕ್ಟರ್ ಹುಬ್ಬು ಗಂಟಿಕ್ಕಿ, ಒಲೆಯಲ್ಲಿ ಕೆಲಸ ಜಾಸ್ತಿಯಾಗಿತ್ತಾ ಅಂತ ಕೇಳಿದಳು. ಇರಲಿಲ್ಲ. ತಾಯಿ ವಾಪಸು ಬಂದಳು, ತೂಕವೂ ವಾಪಸು ಬಂತು.

ಏಳನೇ ವಾರ ಬತೂಲ್ ತಂಗಿಯ ಹೆರಿಗೆಗೆ ಅಂತ ಫೆಸ್‌ಗೆ ಹೊರಟಳು. ಅಡುಗೆ ಯಾಮ್ನಾಳ ಕೈಗೆ ಹೋಯಿತು. ಬೂಷ್ತಾನ ಲೆಕ್ಕ ಅದೇ. ತೂಕ ಎಂಬತ್ತೈದು ಆಯಿತು, ಎಂಬತ್ತೈದೂವರೆ ಆಯಿತು. ಗುರುವಾರ ಬೆಳಿಗ್ಗೆ ಯಂತ್ರ ಎಂಬತ್ತೈದು ಪಾಯಿಂಟ್ ಎಂಟು ತೋರಿಸಿತು.

ಅವನು ಇಳಿದು ಮತ್ತೆ ಹತ್ತಿದ. ಅಷ್ಟೇ ತೋರಿಸಿತು.

"ಅಪ್ಪಾ, ಉಸಿರು ಬಿಗಿ ಹಿಡಿದ್ರೆ ತೂಕ ಇಳಿಯಲ್ಲ," ಅಂದಳು ನಿಸ್ರೀನ್.

ಇನ್ನು ಇನ್ನೂರು ಗ್ರಾಂ. ಅಷ್ಟಾದರೆ ಗೋಡೆ ಪಕ್ಕದ ಮೇಜು. ಮೂರು ವರ್ಷದ ಹಿಂದೆಯೂ ಹೀಗೇ ಶುರುವಾಗಿತ್ತು. ತಾನು ಮೋಸ ಮಾಡುತ್ತಿಲ್ಲ ಅನ್ನುತ್ತಲೇ ಏರಿದ್ದ. ಹಾಗಾದರೆ ಕೈ ಕೆಟ್ಟಿರಬೇಕು. ಸಣ್ಣಗಾದ ಮೇಲೆ ಅಂಗೈಯ ಕೊಬ್ಬೂ ಕರಗಿದೆ, ಅಳತೆ ತಪ್ಪಿದೆ. ಅವತ್ತು ಒಲೆಯಲ್ಲಿ ತಕ್ಕಡಿ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಕಣಕ ಕಿತ್ತ. ಮೂವತ್ತು. ಮೂವತ್ತು. ಇಪ್ಪತ್ತೊಂಬತ್ತು. ಮೂವತ್ತು. ಹಮ್ಮಾದಿ ಸೂಜಿ ಬಿಟ್ಟು ನೋಡುತ್ತಿದ್ದ.

"ಕೈ ಸರಿಯಾಗೇ ಇದೆ, ಮಾಲೆಮ್. ತಲೆ ಬಗ್ಗೆ ಹೇಳಲಾರೆ."

ಕೈ ಸರಿ ಇದ್ದರೆ ಹಿಟ್ಟಿನಲ್ಲಿ ಏನೋ ಇದೆ. ಒಲೆಯವನಿಗೆ ಇದು ಹೊಸ ಪಾಠವಲ್ಲ. ಒಂದೇ ತೂಕದ ಎರಡು ರೊಟ್ಟಿ ಒಂದೇ ಒಲೆಯಲ್ಲಿ ಬೇರೆ ಬೇರೆಯಾಗಿ ಉಬ್ಬುತ್ತವೆ. ಯಾವ ಮನೆಯವಳು ಎಣ್ಣೆ ಸುರಿದಿದ್ದಾಳೆ ಅಂತ ಅವನು ಬಣ್ಣ ನೋಡಿಯೇ ಹೇಳಬಲ್ಲ. ಎಂಬತ್ತು ಮನೆಯ ಹಿಟ್ಟಿನ ಗುಟ್ಟು ಬಲ್ಲವನು ತನ್ನ ಮನೆಯ ಪರಾತವನ್ನು ಒಂದು ದಿನವೂ ಪರೀಕ್ಷಿಸಿರಲಿಲ್ಲ.

ಬತೂಲ್ ಆ ಸಂಜೆ ಬಂದಳು. ಮರುದಿನದ ಕುಸ್ಕುಸ್ ಅವಳೇ ಮಾಡಿದಳು. ಎಲ್ಲರೂ ಕೂತರು. ಬೂಷ್ತಾ ಮೊದಲ ಉಂಡೆ ಉರುಳಿಸಿದ. ಪುಡಿ ಉದುರಿತು. ಹೋದ ಶುಕ್ರವಾರ ತಾಯಿಯ ಅಡುಗೆಯಲ್ಲಿ ಉದುರಿರಲಿಲ್ಲ. ಉಂಡೆಯನ್ನು ಕೆಳಗಿಟ್ಟ. ಆಮೇಲೆ ಮೇಜಿನ ಮೇಲೆ ಬಾಗಿ, ಪರಾತದ ಆ ಬದಿಗೆ, ಹೆಂಡತಿಯ ಪಾಲಿಗೆ ನೇರವಾಗಿ ಕೈ ಹಾಕಿದ.

ನಿಸ್ರೀನಳ ಬಾಯಿ ತೆರೆದೇ ಇತ್ತು. ಯಾಮ್ನಾ ಎದೆ ಮುಟ್ಟಿಕೊಂಡಳು. "ಅಯ್ಯೋ ನನ್ನ ಹೊಟ್ಟೆ ಉರಿಯ! ಇವನನ್ನ ನಾನೇ ಬೆಳೆಸಿದ್ನಾ?"

ಬತೂಲಳ ಕಡೆಯ ಕುಸ್ಕುಸ್ ಒಂದೇ ಒತ್ತಿಗೆ ಕೂಡಿಕೊಂಡಿತು. ಬೆರಳ ಸಂದಿನಲ್ಲಿ ಬೆಣ್ಣೆ ಹೊಳೆಯಿತು, ಮಣಿಕಟ್ಟಿನವರೆಗೆ ಸಾರು ಇಳಿಯಿತು. ಅವನು ಪರಾತದ ಅಂಚು ಹಿಡಿದು ಎತ್ತಿದ. ಅವನ ಬದಿಯ ಕೆಳಗೆ ನಾಲ್ಕು ಮಡಿಕೆ ಮಾಡಿದ ಒರೆಸುವ ಬಟ್ಟೆ ಇತ್ತು.

"ಬತೂಲ್, ಇದೇನು?"

"ಬಟ್ಟೆ."

"ಅದು ಕಾಣ್ತಿದೆ."

ಅವಳು ಮಜ್ಜಿಗೆ ಲೋಟ ಎತ್ತಿ, ಕುಡಿಯದೆ ಇಟ್ಟಳು. "ಎಂಟು ವಾರದಿಂದ, ಊರಲ್ಲಿದ್ದಾಗೆಲ್ಲ, ದಿನಾ ಇಡ್ತಿದ್ದೀನಿ. ಎಣ್ಣೆ, ಬೆಣ್ಣೆ ಎಲ್ಲ ಈ ಕಡೆಗೆ ಹರೀಲಿ ಅಂತ. ಮೂರು ವರ್ಷದ ಹಿಂದೆ ನಿನ್ನ ಮಾತು ನಂಬಿದ್ದೆ, ಏನಾಯ್ತು? ಈ ಸಲ ಇಳಿಜಾರು ನಂಬಿದೆ."

"ಹರಿದ ಬೆಣ್ಣೆ ಏನ್ಮಾಡಿದೆ?"

"ಇನ್ನೇನು ಮಾಡ್ಲಿ, ತಿಂದೆ! ನನ್ನ ಪಾಲು ತಾನೆ? ನಾಲ್ಕು ಕಿಲೋ ಏರಿದ್ದೀನಿ, ಜೆಲ್ಲಾಬಾ ನಿಲುವಂಗಿ ಸೊಂಟದ ಹತ್ರ ಇಳಿಯಲ್ಲ. ತಂಗಿ ಮನೇಲಿ ಹೆರಿಗೆ ಯಾರಿಗೆ ಅಂತ ಕೇಳಿದ್ರು."

ಯಾಮ್ನಾ ಎರಡೂ ಕೈ ಮೇಲೆತ್ತಿದಳು. "ಕೇಳಿದ್ಯಾ, ದೇವರೇ! ಗಂಡನ ಮುಂದಿನ ಅನ್ನ ಒಣಗಿಸಿ ತಾನು ಉಬ್ಬಿದ ಹೆಣ್ಣು!"

"ಅಜ್ಜಿ," ಅಂದಳು ನಿಸ್ರೀನ್, "ಕುಂಬಳಕಾಯಿ ವಿಷಯ ನೀನೇ ಹೇಳ್ತೀಯಾ, ನಾನು ಹೇಳ್ಲಾ?"

ಯಾಮ್ನಾ ಬಟ್ಟಲನ್ನು ಶಾಲಿನ ಮರೆಗೆ ಎಳೆಯಲು ಹೋದಳು. ಬೂಷ್ತಾನ ಬೆರಳು ಅದಕ್ಕೆ ಮೊದಲೇ ಒಳಗಿತ್ತು. ಹೆಬ್ಬೆರಳಿಗೆ ಒರೆಸಿ ನೋಡಿದ. ಹಳದಿಗಿಂತ ಹೊಳಪು ಜಾಸ್ತಿ.

"ಕುರಿಯ ಬಾಲದ ಕೊಬ್ಬು," ಅಂದ.

"ಒಂಚೂರು," ಅಂದಳು ತಾಯಿ.

"ಕಾಲು ಭಾಗ ಕೊಬ್ಬೇ, ಅಮ್ಮ."

"ನೀನು ಒಣಗಿ ಸೀಗಡಿ ಆಗಿದ್ದೆ! ಹೆತ್ತೋಳು ನೋಡ್ಕೊಂಡು ಕೂರ್ಬೇಕಾ? ಡಾಕ್ಟ್ರು ತರಕಾರಿ ಎಷ್ಟಾದ್ರೂ ತಿನ್ನು ಅಂದ್ಳು. ದಿನಾ ತಿನ್ನಿಸ್ದೆ."

"ಲಲ್ಲಾ ಅತ್ತೆ, ನೀವು!" ಬತೂಲ್ ಅತ್ತೆಯ ಕಡೆ ತಿರುಗಿದಳು. "ನಾನು ಅಷ್ಟು ಕಷ್ಟಪಟ್ಟು ಬಟ್ಟೆ ಮಡಿಚಿ ಇಡ್ತಿದ್ರೆ..."

"ನೀನು ಬಟ್ಟೆ ಇಟ್ಟಿದ್ದಕ್ಕೇ ಕಣೇ ನನ್ನ ಕೊಬ್ಬು ಕೆಲಸ ಮಾಡ್ಲಿಲ್ಲ!"

ಬೂಷ್ತಾನಿಗೆ ಆಗ ಪೂರ್ತಿ ತಿಳಿಯಿತು. ಒಬ್ಬಳು ತೆಗೆದದ್ದನ್ನು ಇನ್ನೊಬ್ಬಳು ಹಾಕಿದ್ದಾಳೆ. ತಾಯಿ ಊರು ಬಿಟ್ಟರೆ ಇಳಿದ, ಹೆಂಡತಿ ಊರು ಬಿಟ್ಟರೆ ಏರಿದ. ನಡುವೆ ಇವನು ಕಣ್ಣು ಮುಚ್ಚಿ ಉಂಡೆ ಎಣಿಸುತ್ತ, ಊರಿಗೆಲ್ಲ ಅಂಗೈ ತೋರಿಸಿಕೊಂಡು ತಿರುಗಿದ್ದಾನೆ. ಸಿಟ್ಟು ಮಾಡಬೇಕು ಅಂತ ಮುಖ ಬಿಗಿ ಮಾಡಿದ. ಅಷ್ಟರಲ್ಲಿ ನಿಸ್ರೀನ್ ಮೂಗಿನಿಂದ ಮಜ್ಜಿಗೆ ಚಿಮ್ಮಿಸಿಕೊಂಡು ನಕ್ಕಳು. ಬತೂಲ್ ನಕ್ಕಳು, ಯಾಮ್ನಾ ನಗುತ್ತಲೇ ಬೈದಳು. ಅವನೂ ಮೇಜು ಹಿಡಿದುಕೊಂಡು ನಕ್ಕ. ಗೋಡೆಯಾಚೆಯಿಂದ ಪಕ್ಕದ ಮನೆಯವಳು, ಯಾರಿಗೆ ಗಂಡು ಗೊತ್ತಾಯ್ತು ಅಂತ ಕೂಗಿ ಕೇಳಿದಳು.

ನಗು ಮುಗಿದ ಮೇಲೆ ಹೆದರಿಕೆ ಉಳಿಯಿತು. ಅವನ ನಿಜವಾದ ಊಟ ಎಷ್ಟು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಎರಡೇ ವಾರ ಬಾಕಿ.

ಬೂಷ್ತಾ ಬಟ್ಟೆಯನ್ನು ತೆಗೆದು ನಿಸ್ರೀನಳ ಹೆಗಲಿಗೆ ಎಸೆದ. "ಪರಾತ ಸಮ ಕೂರ್ಬೇಕು. ಕುಂಬಳಕಾಯಿ ಬರೀ ಕುಂಬಳಕಾಯಿ ಆಗಿರ್ಬೇಕು. ಯಾರಿಗೆ ಏನು ಅನ್ಸುತ್ತೋ ಬಾಯಿ ಬಿಟ್ಟು ಹೇಳಿ, ಕೈಯಲ್ಲಿ ಮಾಡ್ಬೇಡಿ."

ಬಾಯಿ ಬಿಡು ಅಂದದ್ದೇ ತಪ್ಪಾಯಿತು. ಅವತ್ತಿನಿಂದ ಊಟ ಸಂತೆಯಾಯಿತು. ಬತೂಲ್ ಹದಿನಾರಕ್ಕೆ ಸಾಕು ಅಂದಳು. ಯಾಮ್ನಾ ಇಪ್ಪತ್ತೆರಡು ಅಂದಳು, ಅದರ ಕೆಳಗೆ ಇಳಿಯಲೇ ಇಲ್ಲ. ಅವನು ಹದಿನೆಂಟು ತಿಂದ. ವಾರದ ಕೊನೆಗೆ ತೂಕ ಎಂಬತ್ಮೂರಕ್ಕೆ ಇಳಿಯಿತು, ಇಳಿಯುತ್ತಲೂ ಇತ್ತು. ಹತ್ತೊಂಬತ್ತು ಮಾಡಿದ. ರಾತ್ರಿ ಒಂದು ಚೂರು ರೊಟ್ಟಿ ಸೇರಿಸಿದ. ಬತೂಲ್ ಮೂರು ದಿನ ಬೆಳಿಗ್ಗೆ ಅವನಿಗಿಂತ ಮೊದಲೇ ಯಂತ್ರದ ಹತ್ತಿರ ಬಂದು ನಿಂತಳು. ಎಂಬತ್ಮೂರೂವರೆ. ಮತ್ತೆ ಎಂಬತ್ಮೂರೂವರೆ. ನಾಲ್ಕನೇ ದಿನ ಅವಳು ಬರಲಿಲ್ಲ, ಮಲಗಿದ್ದಲ್ಲಿಂದಲೇ ಕೇಳಿದಳು: "ಅಷ್ಟೇ ಇದೆಯಾ?"

"ಅಷ್ಟೇ ಇದೆ."

"ಹಂಗಾದ್ರೆ ಚಹಾ ಇಡು."

ಹತ್ತನೇ ವಾರ ಡಾಕ್ಟರ್ ಸಲ್ವಾ ಪೂರ್ತಿ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಸುಮಾರು ಎರಡು ಸಾವಿರದ ಮುನ್ನೂರು ಕ್ಯಾಲೊರಿ. ಒಲೆ ಮುಂದೆ ನಿಲ್ಲೋ ಗಂಡಸಿಗೆ ಇದೇ ಸರಿ. ಇನ್ನು ವಾರವಾರ ಬರ್ಬೇಡಿ, ಮೂರು ತಿಂಗಳಿಗೆ ಬನ್ನಿ. ನಿಮ್ಮ ಹೆಂಡ್ತೀನ ಮಾತ್ರ ಮುಂದಿನ ವಾರವೇ ಕಳಿಸಿ."

ಆ ಶುಕ್ರವಾರ ಅವನು ಹತ್ತೊಂಬತ್ತು ಉಂಡೆ ತಿಂದು ಕೈ ನೆಕ್ಕಿದ. ಯಾಮ್ನಾ ಇನ್ನು ಮೂರು ಅಂದಳು, ಬತೂಲ್ ಮೂರು ಜಾಸ್ತಿಯಾಯಿತು ಅಂದಳು. ಯಾರೂ ಗೆಲ್ಲಲಿಲ್ಲ. ಅವನು ಅಲ್ಲೇ ದಿಂಬಿಗೆ ಬೆನ್ನು ಒರಗಿಸಿ, ಕಾಲು ಚಾಚಿ, ಚಪ್ಪಲಿಯ ಹಮ್ಮಾದಿ ಎರಡನೇ ಮದುವೆಗೆ ಹೆಣ್ಣು ನೋಡುತ್ತಿರುವ ಸುದ್ದಿಯನ್ನು ನಿಧಾನವಾಗಿ, ಬೇಕೆಂದೇ ಮಧ್ಯದಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದ. ಒಲೆಯ ಬೀಗದ ಕೈ ಜೇಬಿನಲ್ಲೇ ಇತ್ತು. ಪರಾತದಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಮಿಕ್ಕವರು ತಿಂದು ಅದು ಖಾಲಿಯಾಗುವವರೆಗೆ ಅವನು ಏಳಲಿಲ್ಲ.