ಬೆಂಕಿ ಹಚ್ಚುವವನ ಹೆಂಡತಿ

ನ್ಯೀಕಾ ಬೆಟ್ಟದ ಮೇಲಿನ ಸಫಾರಿ ಲಾಡ್ಜಿನಲ್ಲಿ ಮ್ಸಿಸ್ಕಾನದು ಒಂದೇ ಕೆಲಸ: ನಸುಕಿನಲ್ಲೇ ಅತಿಥಿಗಳ ಕೋಣೆಗಳಿಗೆ ಹೋಗಿ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಚ್ಚುವುದು. ಅಲ್ಲಿನ ಚಳಿ ಅಂಥದ್ದು. ಜೀಬ್ರಾ ನೋಡಲೆಂದೇ ಬಂದವರು ಕೂಡ ಬೆಂಕಿ ಉರಿಯದೆ ಕಂಬಳಿಯಿಂದ ಮೂಗು ಹೊರಗೆ ಹಾಕುವುದಿಲ್ಲ. ಹೀಗಾಗಿ ಅವನ ಹೆಂಡತಿ ನ್ಯಾಗೊಂಡ್ವೆ ಮದುವೆಯಾದಂದಿನಿಂದ ಬೆಳಗ್ಗೆ ಎದ್ದು ಪಕ್ಕದಲ್ಲಿ ಗಂಡನ ಮುಖ ನೋಡಿದವಳೇ ಅಲ್ಲ. ಮಗಳು ಟೆಮ್ವಾ ಹುಟ್ಟಿದ ಬೆಳಗ್ಗೆಯೂ ಆಸಾಮಿ ಯಾರದೋ ಕೋಣೆ ಬೆಚ್ಚಗೆ ಮಾಡುತ್ತಿದ್ದ. ಮನೆಯ ಒಲೆ ಊದುವುದು ಅವಳ ಪಾಲಿಗೇ.

ಅವನು ನಿವೃತ್ತನಾದಾಗ ಮ್ಯಾನೇಜರು, "ಹೆಂಡ್ತೀನ ಕರ್ಕೊಂಡು ಬನ್ನಿ, ಒಂದು ರಾತ್ರಿ ಅತಿಥಿಗಳಾಗಿ ಇದ್ದು ಹೋಗಿ" ಎಂದರು. ನ್ಯಾಗೊಂಡ್ವೆ ಹೊಸ ಬಟ್ಟೆ ಸುತ್ತಿಕೊಂಡು ಹೊರಟಳು. ಅವಳಿಗೆ ಜಿಂಕೆಯೂ ಬೇಡ, ಚಿರತೆಯೂ ಬೇಡ. ಒಂದೇ ಒಂದು ಬೆಳಗ್ಗೆ ಗಂಡ ಪಕ್ಕದಲ್ಲಿರಬೇಕು, ಅಷ್ಟೆ.

ರಾತ್ರಿ ಹುರಿದ ಮೀನು ಕೊಟ್ಟರು. ಸಿಮಾ ಮುದ್ದೆಯಿಲ್ಲದೆ ಅದೆಂಥ ಊಟ ಎಂದು ಗೊಣಗಿಕೊಂಡೇ ತಿಂದಳು. ಮಲಗುವಾಗ ಮಾತು ತೆಗೆದಳು.

"ಟೆಮ್ವಾ ಅಪ್ಪ, ನಾಳೆ ಏಳಬಾರದು ನೀವು. ಬೆಂಕಿ ಹಚ್ಚೋಕೆ ಹೊಸಬ ಕುಮ್ವೆಂಡ ಬರ್ತಾನೆ."

"ಚಿರತೆ ಬಂದು ಕಾಲೆಳೆದ್ರೂ ಏಳಲ್ಲ ಕಣೇ."

"ಅದ್ಯಾಕೆ ಎಳೀತದೆ, ಬರೀ ಮೂಳೆ."

ಬೆಳಗಿನ ಜಾವ ಎಚ್ಚರವಾಗಿ ಕೈ ಚಾಚಿದಳು. ಹಾಸಿಗೆ ತಣ್ಣಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಇದ್ದ ಒಂದು ಬೆಳಗ್ಗೆಯೂ ಹೋಯಿತಲ್ಲ.

ಅಷ್ಟರಲ್ಲಿ ಬಾಗಿಲು ಮೆಲ್ಲಗೆ ತೆರೆಯಿತು. ಸೌದೆ ಹೊತ್ತು ಬಂದವನು ಕುಮ್ವೆಂಡನಲ್ಲ, ಮ್ಸಿಸ್ಕಾನೇ. ಸದ್ದು ಮಾಡಬಾರದು, ಮಲಗಿದವರತ್ತ ನೋಡಬಾರದು ಎಂಬುದು ಲಾಡ್ಜಿನ ಕಟ್ಟಳೆ. ಹೆಂಡತಿ ಮಲಗಿದ್ದರೂ ಅದನ್ನು ಬಿಡಲಿಲ್ಲ ಪುಣ್ಯಾತ್ಮ. ಮಂಚಕ್ಕೆ ಬೆನ್ನು ಹಾಕಿ ಮಂಡಿಯೂರಿ, ಸಣ್ಣ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ. ಅವನು ಕೆಲಸ ಮಾಡುವುದನ್ನು ಅವಳು ಎಂದೂ ನೋಡಿರಲಿಲ್ಲ. ಚೂರೂ ಹೊಗೆಯಿಲ್ಲದೆ ಉರಿ ಎದ್ದಿತು. ಕೈ ಕೊಡವಿಕೊಂಡು, ಹಿಂದಿರುಗಿ ನೋಡದೆ ಬಾಗಿಲ ಕಡೆ ನಡೆದ.

"ಎಲ್ಲಿಗೆ?"

ಅವನು ಬೆಚ್ಚಿ ನಿಂತ. "ಕುಮ್ವೆಂಡ ಹಚ್ಚಿದ್ರೆ ಹೊಗೆ ಆಗ್ತದೆ. ನಿಂಗೆ ಹೊಗೆ ಅಂದ್ರೆ ಕೆಮ್ಮು. ಅದಕ್ಕೇ ಅವನ ಕೈಯಿಂದ ಸೌದೆ ಇಸ್ಕೊಂಡೆ."

"ಮನೇಲಿ ಇಷ್ಟು ವರ್ಷ ಹೊಗೆ ಕುಡಿದೋಳೂ ನಾನೇ. ಆಗೆಲ್ಲಿತ್ತು ಈ ಕಾಳಜಿ?"

ಅವನು ತಲೆ ತಗ್ಗಿಸಿ, ಇಷ್ಟು ವರ್ಷದ ಅಭ್ಯಾಸದಂತೆ ಹೊರಗೆ ಕಾಲಿಟ್ಟು ಬಾಗಿಲು ಎಳೆದುಕೊಳ್ಳಲು ಹೋದ.

"ಟೆಮ್ವಾ ಅಪ್ಪ," ನ್ಯಾಗೊಂಡ್ವೆ ಕಂಬಳಿಯ ಅಂಚು ಎತ್ತಿ ಹಿಡಿದಳು. "ಇವತ್ತು ಬಾಗಿಲು ಒಳಗಿಂದ ಹಾಕಿ."