ಭಾವ ಅಂದರೆ ಯಾರು

ಬಾಯಿ ತೆರೆದದ್ದಂತೂ ಹೌದು, ಒಣಗಿ ಅಂಟಿಕೊಂಡಿದ್ದ ತುಟಿಗಳು ಬಿಟ್ಟುಕೊಂಡ ಸಣ್ಣ ಸದ್ದು ಅವನ ಕಿವಿಗೇ ಕೇಳಿಸಿತ್ತು, ಆದರೆ ತೆರೆದ ಬಾಯಲ್ಲಿದ್ದ ಮಾತು ಯಾವುದು, ಹೇಳಬೇಕಾದದ್ದೇ ಇತ್ತೋ ಅದಕ್ಕೆ ತಿರುಗುಮುರುಗಾದದ್ದು ಇತ್ತೋ — ವ್ಯಾನು ಗುಂಡಿಗೆ ಇಳಿದು ಹತ್ತಿತು, ತೊಡೆಯ ಮೇಲಿದ್ದ ಎರಡು ಪಾದಗಳು ನೆಗೆದು ಮತ್ತೆ ಬಂದು ಕೂತವು, ಅಯ್ಯಯ್ಯೋ ಸೆಕೆಂಡ್ ಗೇರಿಗೆ ಹಾಕೋ, ಅದೇನು ಮಜ್ಜಿಗೆ ಕಡಿಯೋ ಕೋಲು ಅಂದ್ಕೊಂಡ್ಯಾ ಎಂದು ಪಾದಗಳ ಒಡೆಯ ಬಟ್ಟೆಗಂಟಿನ ಮೇಲೆ ಮಲಗಿದಲ್ಲಿಂದಲೇ ಕೂಗಿದ. ಆಸ್ಪತ್ರೆಯ ಲಾಂಡ್ರಿ ವ್ಯಾನನ್ನು ಇಷ್ಟು ವರ್ಷ ಓಡಿಸಿದವನು ಅವನೇ, ಖಾಲಿ ರಸ್ತೆಯಲ್ಲೂ ಹಾರ್ನು ಹೊಡೆಯುವ ಚಟಕ್ಕೆ ಹಾರ್ನು ಎಂದೇ ಹೆಸರು ಬಿದ್ದವನು, ಇವತ್ತು ಕ್ಲಚ್ಚು ತುಳಿಯಲು ಕಾಲು ಬಾರದೆ ಹಿಂದೆ ಸಾಮಾನಿನ ಜಾಗದಲ್ಲಿ ಬಿದ್ದುಕೊಂಡು, ತನ್ನ ಗಾಡಿ ಇನ್ನೊಬ್ಬನ ಕೈಯಲ್ಲಿ ನರಳುವುದನ್ನು ಕೇಳಿಸಿಕೊಳ್ಳುತ್ತಿದ್ದಾನೆ. ಮುಂದೆ ಸ್ಟೇರಿಂಗು ಹಿಡಿದಿರುವುದು ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಇವನ ಹೆಂಡತಿಯ ತಮ್ಮ, ಎಲ್ಲದಕ್ಕೂ ಮೂಲಪುರುಷ ಅವನೇ, ಅವನ ಪಕ್ಕದಲ್ಲಿ ಬಟ್ಟೆ ಮಡಿಸುವ ದೊಡ್ಡಕ್ಕ, ಮಡಿಲಲ್ಲಿ ತನ್ನ ಚೀಲ ಅಪ್ಪಿಕೊಂಡು, ಅಂಥಾ ಚೀಲ, ಠಾಣೆಯವರು ಅದನ್ನು ತಲೆಕೆಳಗು ಮಾಡಿ ಒದರಿದಾಗ ಬಿದ್ದದ್ದು ಎಲೆಯಡಿಕೆ ಡಬ್ಬಿ ಮತ್ತು ಒಂದು ಬಾಚಣಿಗೆ. ಬಿಟ್ಟರು. ನಿಜವಾಗಿ ಬಿಟ್ಟರು. ಹಿಂಬಾಗಿಲಿನ ಗಾಜಿನಲ್ಲಿ ರಸ್ತೆ ಹಿಂದಕ್ಕೆ ಓಡುತ್ತಿದೆ, ಗೋಡೆ, ಸೈಕಲ್ ಅಂಗಡಿ, ಮತ್ತೆ ಗೋಡೆ, ಬೆಳಗಿನ ಬಿಸಿಲು, ಒಗೆದು ಒಣಗಿಸಿದ ಹಾಸುಬಟ್ಟೆಯ ವಾಸನೆ, ಈ ವಾಸನೆಯನ್ನು ತಾನು ಇಷ್ಟು ವರ್ಷ ಮೂಸಿಯೇ ಇರಲಿಲ್ಲವೇನೋ, ಮೀನು ನೀರಿನ ವಾಸನೆ ಮೂಸೀತೆ, ವಾಪಸ್ಸು ಕೊಟ್ಟ ಬೆಲ್ಟನ್ನು ಬಿಗಿದುಕೊಳ್ಳಲು ಹೋದರೆ ಹಳೆಯ ತೂತು ಸಾಲದು, ಸೊಂಟ ಅಷ್ಟು ಇಳಿದಿದೆ, ಇರಲಿ, ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುವ ಕೆಲಸ ಮುಗಿಯಿತಲ್ಲ. ಭಾವ, ಎಂದ ಹಾರ್ನು. ಏನೋ. ಏನಿಲ್ಲ ಭಾವ, ಸುಮ್ನೆ ಕರೆದೆ. ಮುಂದಿನಿಂದ ದೊಡ್ಡಕ್ಕ ತಿರುಗದೆಯೇ, ಭಾವ, ಅಂದಳು. ಏನಕ್ಕಾ. ಏನಿಲ್ಲಪ್ಪ, ಬಾಯಿ ತುಕ್ಕು ಹಿಡಿದಿತ್ತು.

ಕರೆಯಲಿ, ಬೇಕಾದಷ್ಟು ಕರೆಯಲಿ. ಅವನು ಭಾವನಾಗಿರುವುದು ಮುಂದೆ ಗೇರಿನ ಜೊತೆ ಗುದ್ದಾಡುತ್ತಿರುವ ಆ ಒಬ್ಬನಿಗೆ ಮಾತ್ರ, ಆದರೆ ಆ ಒಬ್ಬ ಲಾಂಡ್ರಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಯ್ಲರಿನ ಗದ್ದಲದ ಮೇಲೆ ಭಾವಾ ಎಂದು ಕೂಗಿದ್ದೇ ಕೂಗಿದ್ದು, ಮಾರನೆಯ ವಾರಕ್ಕೆ ಒಗೆಯುವವರು, ಹಿಂಡುವವರು, ಇಸ್ತ್ರಿಯವರು, ತಾಯಿಯ ವಯಸ್ಸಿನ ದೊಡ್ಡಕ್ಕ ಕೂಡ ಭಾವ ಎನ್ನತೊಡಗಿ, ಊರಿಗೆಲ್ಲ ಒಬ್ಬನೇ ಭಾವ, ಒಂದೇ ಹೆಂಡತಿ. ಅವನ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅವನಿಗೇ ಸಂಬಳದ ದಿನ ಯಾರೋ ಕೂಗಿದರೆ ಒಂದು ಕ್ಷಣ ಬೇಕು, ಓ ನಾನೇ ಅಲ್ಲವೇ ಎಂದು. ಅವನ ಕೆಲಸ ಗುರುತು ಹಾಕುವುದು, ಹಾಸುಬಟ್ಟೆಯ ಮೂಲೆಯಲ್ಲಿ ವಾರ್ಡಿನ ಗುರುತು, ನೀಲಿ ಮಸಿ, ಎಷ್ಟು ಒಗೆದರೂ ಹೋಗದ್ದು, ಬಟ್ಟೆ ಹರಿದರೂ ಮಸಿ ಹರಿಯದು ಎಂದು ಅವನಿಗೆ ಕಲಿಸಿದವರು ಹೇಳುತ್ತಿದ್ದರು. ಆ ಮಸಿಯಲ್ಲೇ ಹಾಸುಬಟ್ಟೆಯ ಮೇಲೆ ಬರೆದದ್ದು, ಆಸ್ಪತ್ರೆಯ ಗೇಟಿನೆದುರು ಧರಣಿ ಕೂತ ಬೆಳಿಗ್ಗೆ, ಬಾಯ್ಲರ್ ಸರಿಮಾಡಿ, ಅಷ್ಟೇ, ಬೇರೇನನ್ನೂ ಕೇಳಿರಲಿಲ್ಲ, ದೊಡ್ಡಕ್ಕನ ಸೊಸೆಯ ಮೊಣಕೈತನಕ ಹಬೆ ತಗುಲಿ ಚರ್ಮ ಕೈಗವಸಿನ ಹಾಗೆ ಸುಲಿದುಬಂದಿತ್ತು, ಆಸ್ಪತ್ರೆಯಲ್ಲೇ ಬೆಂದವಳಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿರಲಿಲ್ಲ. ಬರೆಯುವಾಗ ಹಾರ್ನು ಹಿಂದೆ ಸರಿದು ಸರಿದು ಅಕ್ಷರ ನೆಟ್ಟಗಿದೆಯಾ ನೋಡುತ್ತಾ ಮಸಿಯ ಬಟ್ಟಲನ್ನೇ ತುಳಿದ, ಎಡ ಹಿಮ್ಮಡಿಗೆ ನೀಲಿ, ಭಾವ ನನಗೂ ವಾರ್ಡು ಹಾಕಿಬಿಟ್ರಲ್ಲ ಎಂದು ನಕ್ಕ, ಎಲ್ಲರೂ ನಕ್ಕರು, ನಗು ಮುಗಿಯುವ ಮೊದಲೇ ಪೊಲೀಸರ ಗಾಡಿ.

ನೀಲಿ ಈಗಲೂ ಇದೆ, ತೊಡೆಯ ಮೇಲೆ, ಒದ್ದೆ ದಿಂಬಿನ ಚೀಲ ಸುತ್ತಿದ ಕಡೆ ಬಟ್ಟೆ ಸರಿದು ಹಿಮ್ಮಡಿ ಇಣುಕುತ್ತಿದೆ, ಊದಿದ್ದರಿಂದ ಕಲೆಯೂ ಊದಿದೆ, ಆ ದಿನ ಬೆರಳಿನ ಉಗುರಿನಷ್ಟಿದ್ದದ್ದು — ಬೇಡ, ಹೊರಗೆ ನೋಡು, ಬಿಸಿಲು ನೋಡು, ಯಾವಳೋ ಮಹಡಿಯ ಮೇಲೆ ನಿಂತು ಚಾಪೆ ಒದರುತ್ತಿದ್ದಾಳೆ, ಧೂಳು ಚಿನ್ನದ ಹಾಗೆ — ಹಿಮ್ಮಡಿ. ಬೆಂಚಿನ ಆಚೆ ಚಾಚಿಕೊಂಡಿದ್ದ ಎರಡು ಹಿಮ್ಮಡಿ, ಒಂದರಲ್ಲಿ ನೀಲಿ. ಠಾಣೆಯ ಫೋನು ಮೊದಲ ಸಲ ಬಡಿದುಕೊಂಡದ್ದು ಆ ಸಂಜೆಯೇ, ಅಲ್ಲಿಯ ತನಕ ಕೆನ್ನೆಗೆ, ಬೆನ್ನಿಗೆ, ಅದು ಎಲ್ಲರಿಗೂ ಸಮಪಾಲು, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು, ನೀರು ಕೇಳಿದವರ ತಲೆಯ ಮೇಲೆ ನೀರು ಸುರಿದಿದ್ದರು, ಬನ್ನಿ ಬನ್ನಿ ಮಾವನ ಮನೆ ಇದು, ನಾಚ್ಕೋಬೇಡಿ ಎಂದು ತೆಳ್ಳಗಿನ ಪೇದೆ ಹಾಸ್ಯ ಮಾಡುತ್ತಿದ್ದ, ಫೋನೆತ್ತಿದವನೂ ಅವನೇ, ಎತ್ತಿ, ಎಸ್ ಸಾರ್, ನೋ ಮೇಡಂ, ಭಾವ ನೋ, ಭಾವ ನೋ ಎಂದು ತಡವರಿಸಿ ಬಾಯಿಗೆ ಕೈ ಅಡ್ಡ ಇಟ್ಟು, ಸಾರ್ ಯಾವುದೋ ದೇಶದಿಂದ ಸಾರ್, ಭಾವ ಹೇಗಿದ್ದಾರೆ ಅಂತ ಕೇಳ್ತಿದ್ದಾರೆ. ಯಾರ ಭಾವ? ಗೊತ್ತಿಲ್ಲ ಸಾರ್, ನಿಮ್ಮ ಹತ್ತಿರ ಇದ್ದಾರಲ್ಲ ಭಾವ ಅಂತಿದ್ದಾರೆ. ಆಗ ಇನ್ಸ್‌ಪೆಕ್ಟರು ಎದ್ದು ಬಂದ, ಮೆಲ್ಲಗೆ ಬಂದ, ಸಿಟ್ಟಿಗಿಂತ ಆಸೆ ಹೆಚ್ಚಿತ್ತು ಮುಖದಲ್ಲಿ, ಹೊರದೇಶದವರು ಹೆಸರು ಹಿಡಿದು ಕೇಳುವಂಥವನು ಇದ್ದಾನೆಂದರೆ ತಲೆಯಾಳು ಅವನೇ, ಯಾರಯ್ಯ ನಿಮ್ಮಲ್ಲಿ ಭಾವ ಅಂದ್ರೆ? ದೊಡ್ಡಕ್ಕ ಗೋಡೆ ನೋಡುತ್ತಲೇ, ನಮ್ಮೆಲ್ಲರ ಭಾವ ಸ್ವಾಮಿ ಅಂದಳು. ಎಲ್ಲರಿಗೂ ಒಬ್ಬನೇ ಭಾವ ಹೇಗಮ್ಮ, ಎಷ್ಟು ಜನ ಹೆಂಡ್ತಿಯರು ಅವನಿಗೆ? ಯಾರೂ ನಗಲಿಲ್ಲ, ಯಾರೂ ಅವನ ಕಡೆ ನೋಡಲಿಲ್ಲ, ಆ ನೋಡದಿರುವುದು ಬೆನ್ನಿಗೆ ತಣ್ಣಗೆ ತಾಕಿತು. ಮೊದಲು ಸಿಕ್ಕಿದ್ದು ಹಾರ್ನು, ಬಾಯಿ ಜೋರು, ಜೇಬಲ್ಲಿ ವ್ಯಾನಿನ ಕೀಲಿ, ಇವನಿಗೆ ಎಲ್ಲರ ಮನೆಯೂ ಗೊತ್ತಿರುತ್ತೆ, ಬೋರಲು ಹಾಕಿ ಇಬ್ಬರು ಹೆಗಲು ಅದುಮಿದರು, ತೆಳ್ಳಗಿನವನು ಲಾಠಿ ಎತ್ತಿದ. ಅಮ್ಮಾ. ಭಾವ ಅಂದ್ರೆ ಯಾರು. ಅಮ್ಮಾ. ಹಾರ್ನಿನ ಮುಖ ಅವನ ಕಡೆಗೇ ತಿರುಗಿತ್ತು, ಮಾರು ದೂರ ಕೂಡ ಇರಲಿಲ್ಲ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿತ್ತು, ಭಾವ ಅಂದ್ರೆ ಯಾರೋ, ನೀಲಿ ಮೇಲೆ ಬಿತ್ತು ಏಟು, ಮತ್ತೆ ನೀಲಿ, ನೋಡುತ್ತಾ ನಿಂತ ಅವನ ಒಣಗಿದ ತುಟಿಗಳು ಬಿಟ್ಟುಕೊಂಡವು, ಸಣ್ಣ ಸದ್ದಾಯಿತು, ಆಗ, ಆಗಲೇ, ಆ ಕ್ಷಣಕ್ಕೇ ಫೋನು ಮತ್ತೆ ಬಡಿದುಕೊಂಡಿತು, ಲಾಠಿ ನಿಂತಿತು. ಇನ್ನೊಂದು ದೇಶ, ಇನ್ನೊಂದು ರಾಗದ ಇಂಗ್ಲಿಷು, ಅದೇ ಪ್ರಶ್ನೆ.

ಆಮೇಲೆ ಫೋನು ನಿಲ್ಲಲೇ ಇಲ್ಲ, ಪುಣ್ಯಾತ್ಮರು, ಯಾವ ಊರಿನ ಪುಣ್ಯಾತ್ಮರೋ, ಅಲ್ಲಿ ಬೆಳಗಾದರೆ ಅಲ್ಲಿಂದ, ಇಲ್ಲಿ ಕತ್ತಲಾದರೆ ಇನ್ನೆಲ್ಲಿಂದಲೋ, ಆಸ್ಪತ್ರೆ ಬಟ್ಟೆ ಒಗೆಯುವವರೇ ಎಲ್ಲ, ಅಲ್ಲೂ ಬಾಯ್ಲರ್ ಇರುತ್ತದೆ, ಅಲ್ಲೂ ಹಬೆ ಸುಡುತ್ತದೆ. ತೆಳ್ಳಗಿನ ಪೇದೆಯ ಇಂಗ್ಲಿಷು ಎರಡನೇ ದಿನಕ್ಕೆ ಸುಧಾರಿಸಿತು, ಭಾವ ಈಸ್ ಫೈನ್, ಭಾವ ಈಸ್ ಈಟಿಂಗ್. ಮೇಲಿನಿಂದ ಮಾತು ಬಂತಂತೆ, ಆ ಭಾವನಿಗೆ ಏನಾದರೂ ಆದರೆ ಟೋಪಿ ಉಳಿಯಲ್ಲ, ಡಾಕ್ಟರು ಬಂದು ನೋಡ್ತಾರೆ, ಫೋಟೋ ಕಳಿಸಬೇಕು. ಇನ್ಸ್‌ಪೆಕ್ಟರು ಕಂಬಿಯ ಆಚೆ ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದ, ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವನ ಹಾಗೆ, ಯಾವನು ಭಾವನೋ ಗೊತ್ತಿಲ್ಲದೆ ಯಾವನ ಮೇಲೂ ಕೈಯೆತ್ತುವ ಹಾಗಿಲ್ಲ. ಭಾವ ಸಿಕ್ಕರೆ ಕುರ್ಚಿ, ಕಾಫಿ, ಫೋಟೋ, ಉಳಿದವರಿಗೆ ಬೆಂಚು — ಅದು ಲಾಕಪ್ಪಿನಲ್ಲಿದ್ದ ಎಲ್ಲರಿಗೂ ಯಾರೂ ಬಾಯಿಬಿಟ್ಟು ಹೇಳದೆ ಅರ್ಥವಾಯಿತು. ಅಂದಿನಿಂದ ಯಾರೂ ಅವನನ್ನು ಮಾತಾಡಿಸಲಿಲ್ಲ. ಮಾತಾಡಿಸುವುದು ಹೇಗೆ, ಅವರ ನಾಲಿಗೆಗೆ ಅವನ ಜೊತೆಗಿನ ಯಾವ ಮಾತೂ ಭಾವ ಇಲ್ಲದೆ ಶುರುವಾಗದು, ಬಾಯಿ ತೆರೆದರೆ ತಾನಾಗಿ ಬಂದುಬಿಡುವ ಪದ, ಒಮ್ಮೆ ಒಬ್ಬ ನೀರಿನ ಚೊಂಬು ದಾಟಿಸುತ್ತಾ ಭಾ ಎಂದು ಅಷ್ಟಕ್ಕೇ ಕೆಮ್ಮಿಕೊಂಡ, ದೊಡ್ಡಕ್ಕ ಹೆಂಗಸರ ಕೋಣೆಯಿಂದ, ಅಯ್ಯೋ ಇವನಿಗೆ ಕೆಮ್ಮು, ಯಾರಾದ್ರೂ ಬೆನ್ನು ತಟ್ಟಿ ಎಂದು ಕೂಗಿದಳು. ಎಲ್ಲರೂ ಗುಜುಗುಜು ಮಾತಾಡುವ ಕೋಣೆಯಲ್ಲಿ ಅವನೊಬ್ಬನ ಸುತ್ತ ಮೌನ, ಮಲಗಿದರೆ ಯಾರೋ ತಮ್ಮ ಅಂಗಿ ತಂದು ಹೊದಿಸುತ್ತಾರೆ, ಮಾತಿಲ್ಲ, ತನ್ನನ್ನೇ ಮರೆತರೇನೋ ಎನ್ನುವ ಹಾಗೆ ಕಾಯುತ್ತಿದ್ದಾರೆ, ಅಂಥಾ ಮೌನವನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಕೊನೆಗೆ ಇನ್ಸ್‌ಪೆಕ್ಟರಿಗೆ ಬೇರೆಯೇ ಹೆದರಿಕೆ ಹತ್ತಿತು, ಏಟು ತಿಂದವನೇ ಭಾವನಾಗಿದ್ದರೆ? ಮುಲಾಮು ತರಿಸಿದ, ಹಾರ್ನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ, ನೀನೇನಾ ಭಾವ, ನಿಜ ಹೇಳಪ್ಪ. ಹಾರ್ನು ಕಣ್ಣು ಅರ್ಧ ತೆರೆದು, ಆಗಬಹುದು ಸಾರ್, ನಿಮಗೆ ಅಕ್ಕ ಇದ್ದಾರಾ?

ನೆನೆದು ಈಗ ನಗು ಬಂತು, ಜೋರಾಗಿಯೇ ಬಂತು, ಏನಾಯ್ತು ಭಾವ, ಹಾರ್ನಿಗೂ ನಗು, ನಕ್ಕರೆ ಕಾಲಿಗೆ ನೋವು, ಅಯ್ಯೋ ನಗಿಸಬೇಡಿ. ಸಿಗ್ನಲ್ಲಿನಲ್ಲಿ ವ್ಯಾನು ಮುಗ್ಗರಿಸಿ ನಿಂತಿತು, ಹೆಂಡತಿಯ ತಮ್ಮ ಹಿಂದಕ್ಕೆ ಕೈಚಾಚಿ ಮೊಬೈಲು ಕೊಟ್ಟ, ನೋಡಿ ಭಾವ, ಇದನ್ನ ನೋಡಿ ಮೊದಲು. ಯಾವುದೋ ದೇಶ, ಇಟ್ಟಿಗೆಯ ದೊಡ್ಡ ಕಟ್ಟಡ, ಅದರ ಕಿಟಕಿ ಕಿಟಕಿಯಿಂದ ಬಿಳಿ ಹಾಸುಬಟ್ಟೆ ಇಳಿಬಿಟ್ಟಿದ್ದಾರೆ, ಒಂದೊಂದರಲ್ಲೂ ಆಳೆತ್ತರದ ಅಕ್ಷರ, ಅವರ ಲಿಪಿಯಲ್ಲಿ, ಭಾವ, ಕೆಳಗೆ ಏಪ್ರನ್ ಕಟ್ಟಿದ ಹೆಂಗಸರು ಗಂಡಸರು ಕೈಯೆತ್ತಿ ಬಾವಾ ಬಾವಾ ಎನ್ನುತ್ತಿದ್ದಾರೆ, ಹಾಸ್ಯವೋ ಅಳುವೋ ತಿಳಿಯದು, ಇಷ್ಟು ಜನ ಗುರುತಿಲ್ಲದವರಿಗೆ ತಾನು ಭಾವ. ನನ್ನ ಹೆಸರು ಬರೆಯೋದಲ್ವೇನೋ, ಎಂದ ಅವನು. ನಿಮ್ಮನ್ನ ಹಿಡಿದ ದಿನ ಹೊರದೇಶದ ಲಾಂಡ್ರಿಯವರ ಗುಂಪಿಗೆ ಗಾಬರೀಲಿ ಟೈಪ್ ಮಾಡ್ತಿದ್ದೆ ಭಾವ, ಎಲ್ಲರದ್ದೂ ಹಾಕಿದೆ, ನಿಮ್ಮದಕ್ಕೆ ಬಂದಾಗ ಕೈ ಭಾವ ಅಂತಲೇ ಹೊಡೀತು, ನಿಮ್ಮ ಹೆಸರು ಹಿಡಿದು ಯಾವತ್ತು ಕರೆದಿದ್ದೀನಿ, ಉಳಿದವರದ್ದು ಉದ್ದ, ಬಟ್ಟೇಲಿ ಹಿಡಿಯಲ್ಲ ಅಂತ ಅವರು ಇದೊಂದನ್ನೇ ಬರೆದರಂತೆ. ಅಕ್ಕ ಕೇಳಿ ಬೈದಳು, ನನ್ನ ಗಂಡನ್ನ ಊರಿಗೆಲ್ಲ ಹಂಚಿದ್ದು ಸಾಲದೂಂತ ಲೋಕಕ್ಕೇ ಹಂಚಿದ್ಯಾ ಅಂತ. ಬಾಯ್ಲರಿಗೂ ಆಳು ಬಂದಿದ್ದಾರಂತೆ, ನಿನ್ನೆಯಿಂದ ಬಿಚ್ಚಿ ಹಾಕಿದ್ದಾರೆ. ದೊಡ್ಡಕ್ಕ ಚೀಲವನ್ನು ಇನ್ನೂ ಬಿಗಿಯಾಗಿ ಅಪ್ಪಿ, ಆಗಲಿ, ಆಗಲಿ, ಅಂದಳು, ಮುಖ ಕಿಟಕಿಗೆ ಮಾಡಿದಳು.

ಹಸಿರು ದೀಪ, ಗೇರು ಕಿರುಚಿತು, ಈ ಸಲ ಹಾರ್ನು ಬೈಯಲಿಲ್ಲ. ಭಾವ, ನಿಮಗೊಂದು ಹೇಳ್ಬೇಕು ಅಂತಿದ್ದೆ. ಹೇಳೋ. ಆ ಸಂಜೆ ಕಣ್ಣು ಯಾಕೆ ಮುಚ್ಕೊಂಡಿದ್ದೆ ಗೊತ್ತಾ, ನಿಮ್ಮ ಮುಖ ಕಂಡ್ರೆ ಭಾವಾ ಅಂತ ಕೂಗಿಬಿಡ್ತಿದ್ದೆ, ಬಾಯ್ಲರ್ ಕೋಣೇಲಿ ಬೆರಳು ಸುಟ್ಟರೂ ಹಾಗೇ ಅಲ್ವಾ ಕೂಗೋದು, ಅದಕ್ಕೇ ಅಮ್ಮ ಅಮ್ಮ ಅಂತಿದ್ದೆ, ಬೇರೆ ಏನೂ ಬಾಯಿಗೆ ಬರದಿರಲಿ ಅಂತ. ನಿಮ್ಮ ತಲೆ ಎಷ್ಟು ಗಟ್ಟಿ ಭಾವ, ಪಿಟಕ್ ಅನ್ನಲಿಲ್ಲ, ಬೇರೆಯವರಾಗಿದ್ರೆ ನಾನೇ ನಾನೇ ಅಂತ ಎದೆ ತಟ್ಕೊಂಡು ಹೋಗಿ ಎಲ್ಲರನ್ನೂ ಮುಳುಗಿಸ್ತಿದ್ರು, ನಾನು ತಿಂದ ಏಟೆಲ್ಲ ದಂಡ ಆಗ್ತಿತ್ತು. ಅವನು ಒದ್ದೆ ಬಟ್ಟೆಯನ್ನು ಸರಿಮಾಡಿದ, ಬಟ್ಟೆ ಮತ್ತೆ ಸರಿಯಿತು. ತಲೆ ಗಟ್ಟಿ — ಆ ಸಂಜೆ ತಲೆಯಲ್ಲಿ ಏನಿತ್ತು, ಕುರ್ಚಿ ಕಾಫಿ ಬೆಂಚಿನ ಲೆಕ್ಕ ಹುಟ್ಟಿದ್ದು ಮಾರನೆಯ ದಿನವಲ್ಲವೇ, ಆ ಸಂಜೆ ಇದ್ದದ್ದು ಒಣಗಿದ ಬಾಯಿ, ತೆರೆದುಕೊಂಡ ತುಟಿ, ಅದರ ಹಿಂದೆ ನಾನೇ ಎಂಬುದಿತ್ತೋ ನಾನಲ್ಲ ಎಂಬುದಿತ್ತೋ, ಫೋನು ಬಡಿದುಕೊಳ್ಳದಿದ್ದರೆ ಗೊತ್ತಾಗುತ್ತಿತ್ತು, ಬಡಿದುಕೊಂಡಿತು, ಎಲ್ಲೋ ಯಾರೋ ಬಟ್ಟೆ ಒಗೆಯುವವಳು ಆ ಗಳಿಗೆಗೆ ಸರಿಯಾಗಿ ನಂಬರು ಒತ್ತಿದಳು, ಹಾರ್ನು ಉಳಿದ, ತಾನೂ ಉಳಿದ, ಯಾವುದರಿಂದ ಉಳಿದೆ ಎಂದು ತಿಳಿಯದ ಹಾಗೆ ಉಳಿದ. ಹೌದಾ, ಎಂದನಷ್ಟೆ. ಹೌದು ಭಾವ, ಎಂದ ಹಾರ್ನು, ಕಣ್ಣು ಮುಚ್ಚಿದ, ಈ ಸಲ ನಿದ್ದೆಗೆ. ವ್ಯಾನು ತಮ್ಮ ಬೀದಿಗೆ ತಿರುಗಿತು, ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ, ಬಿಸಿನೀರು ಕಾಯಿಸಿಟ್ಟಿರುತ್ತಾಳೆ, ಎದೆ ಹಗುರಾಯಿತು, ಇಳಿಯಬೇಕು, ಕಾಲುಗಳನ್ನು ಮೆಲ್ಲಗೆ ಗಂಟಿನ ಮೇಲೆ ಇಡಬೇಕು, ಏಳುವ ಮೊದಲು ಒಂದು ಸಲ ಕೆಳಗೆ ನೋಡಿದ, ಎಡ ಹಿಮ್ಮಡಿ, ಊದಿದ ಚರ್ಮದಲ್ಲಿ ನೀಲಿ, ಎಷ್ಟು ಒಗೆದರೂ ಹೋಗದ ನೀಲಿ, ಆ ನೀಲಿ.

ನಾನೇ ಭಾವ ಎಂದು ಅವನು ಹೇಳಿರಲಿಲ್ಲ.